ಇನ್ನೊಂದು ದೇಶದ ಎಲೆಕ್ಷನ್ ಡ್ಯೂಟಿ

ಧಾರವಾಡ ಜಿಲ್ಲೆಯ ಸರಕಾರಿ ಹೈಸ್ಕೂಲುಗಳಲ್ಲಿ ಮೂವತ್ತೆರಡು ವರ್ಷ ಗಣಿತ ಕಲಿಸಿದ ನಾನು ಅಷ್ಟೂ ವರ್ಷಗಳಲ್ಲಿ ಒಂದೇ ಒಂದು ಮೆರವಣಿಗೆಯಲ್ಲಿ ನಡೆದವಳಲ್ಲ. ಸರಕಾರಿ ನೌಕರಿಯ ನಿಯಮ ಹಾಗಿತ್ತು. ನಿಯಮ ಇರದಿದ್ದರೂ ಹೋಗುತ್ತಿರಲಿಲ್ಲವೇನೋ, ಮೊದಲಿನಿಂದಲೂ ಗದ್ದಲಕ್ಕೆ ಹೆದರುವ ಹೆಂಗಸು ನಾನು. ಅಂಥವಳು ಅರವತ್ತೇಳನೆಯ ವಯಸ್ಸಿನಲ್ಲಿ ಸಿಡ್ನಿಯ ಟೌನ್ ಹಾಲ್ ಮೆಟ್ಟಿಲ ಮೇಲೆ ನಿಂತು, ನನಗೆ ಬಾರದ ಭಾಷೆಯಲ್ಲಿ, ನಾನು ಎಂದೂ ಕಾಣದ ದೇಶದ ಸರಕಾರದ ವಿರುದ್ಧ ಗಂಟಲು ಬೀಳುವ ಹಾಗೆ ಕೂಗಿದೆ.

ಆ ದೇಶ ದಕ್ಷಿಣ ಅಮೆರಿಕದಲ್ಲಿದೆ, ಅಲ್ಲಿಯವರು ಸ್ಪ್ಯಾನಿಷ್ ಮಾತಾಡುತ್ತಾರೆ. ಇದಕ್ಕಿಂತ ಹೆಚ್ಚು ಹೇಳಲಾರೆ. ನನ್ನ ಗೆಳತಿಯ ತಾಯಿ ಇನ್ನೂ ಅಲ್ಲಿದ್ದಾರೆ, ಹೆಸರು ಬರೆಯಬೇಡ ಎಂದು ಕೇಳಿಕೊಂಡಿದ್ದಾಳೆ.

ಆ ಗೆಳತಿ ನನ್ನ ಮಗಳ ಪಕ್ಕದ ಮನೆಯವಳು. ಮಗಳ ಮನೆ ಇರುವುದು ಸಿಡ್ನಿಯ ಹೊರವಲಯದ ಗಿರಾವೀನ್‌ನಲ್ಲಿ, ಎರಡು ಸಂಸಾರಕ್ಕೆ ನಡುವೆ ಒಂದೇ ಗೋಡೆಯ ಜೋಡಿಮನೆ. ಆರು ತಿಂಗಳಿಗೆಂದು ಹೋಗಿದ್ದ ನಾನು ಹಿತ್ತಲಲ್ಲಿ ಸಣ್ಣ ಗ್ಯಾಸ್ ಒಲೆ ಹೂಡಿಕೊಂಡು ಜೋಳದ ರೊಟ್ಟಿ ಬಡಿಯುತ್ತಿದ್ದೆ. ಒಳಗೆ ಮಾಡಿದರೆ ಸ್ಮೋಕ್ ಅಲಾರಂ ಹೊಡೆದುಕೊಳ್ಳುತ್ತಿತ್ತು. ಒಂದು ದಿನ ಬೇಲಿಯ ಮೇಲಿಂದ ಒಂದು ಮುಖ ಇಣುಕಿತು. ನಲವತ್ತರ ಆಸುಪಾಸಿನ ಹೆಂಗಸು, ಗುಂಗುರು ಕೂದಲು. ಅವರ ಕಡೆ ಮೆಕ್ಕೆಜೋಳದ ಹಿಟ್ಟನ್ನು ಅಂಗೈಯಲ್ಲಿ ತಟ್ಟುವ ಸದ್ದೂ ಹೀಗೇ ಇರುತ್ತದಂತೆ. ಅಮ್ಮ ಬಂದಳೇನೋ ಅನ್ನಿಸಿತು ಎಂದು ಇಂಗ್ಲಿಷಿನಲ್ಲಿ ಹೇಳಿ ನಕ್ಕಳು. ಅವತ್ತಿನಿಂದ ನಾನು ಅವಳಿಗೆ ‘ಸೆನ್ಯೋರಾ’, ಅಂದರೆ ಅಮ್ಮಾವರು; ಅವಳು ನನಗೆ ‘ತಂಗಿ’. ಇಬ್ಬರ ಇಂಗ್ಲಿಷೂ ಅಷ್ಟಕ್ಕಷ್ಟೇ ಆದ್ದರಿಂದ ಒಬ್ಬರಿಗೊಬ್ಬರು ಚೆನ್ನಾಗಿ ಅರ್ಥವಾಗುತ್ತಿದ್ದೆವು.

ಅವಳ ದೇಶದಲ್ಲಿ ಚುನಾವಣೆ ನಡೆದದ್ದು ಭಾನುವಾರ. ಅಲ್ಲಿಯ ಭಾನುವಾರ ಸಂಜೆಯೆಂದರೆ ನಮಗೆ ಸೋಮವಾರ ಬೆಳಗ್ಗೆ. ಅವಳು ಚೈಲ್ಡ್‌ಕೇರ್ ಕೆಲಸಕ್ಕೆ ರಜೆ ಹಾಕಿ ನಮ್ಮ ಅಡುಗೆಮನೆಯಲ್ಲಿ ಬಂದು ಕೂತಿದ್ದಳು. ಅವಳ ತಮ್ಮ ಒಂದು ಶಾಲೆಯ ಮತಗಟ್ಟೆಯಲ್ಲಿ ವಿರೋಧ ಪಕ್ಷದ ಏಜೆಂಟನಾಗಿದ್ದ. ಮತದಾನ ಮುಗಿದ ಮೇಲೆ ಯಂತ್ರವೇ ಅಂಗಡಿ ಬಿಲ್ಲಿನಂಥ ಉದ್ದನೆಯ ಚೀಟಿ ಮುದ್ರಿಸುತ್ತದೆ, ಯಾರಿಗೆ ಎಷ್ಟು ಮತ, ಒಟ್ಟು ಎಷ್ಟು ಎಂದು. ಏಜೆಂಟರಿಗೂ ಒಂದು ಪ್ರತಿ ಸಿಗುತ್ತದೆ. ಒಂಬತ್ತು ಗಂಟೆಗೆ ತಮ್ಮ ಆ ಚೀಟಿಯ ಫೋಟೋ ಕಳಿಸಿದ. ಅವಳು ಕುರ್ಚಿಯಿಂದ ಎದ್ದು ನನ್ನನ್ನು ತಬ್ಬಿಕೊಂಡು ಅಡುಗೆಮನೆಯಲ್ಲೆಲ್ಲ ಕುಣಿದಳು. ಅವರ ಶಾಲೆಯಲ್ಲಿ ವಿರೋಧ ಪಕ್ಷಕ್ಕೆ ಮೂರು ಪಟ್ಟು ಮತ! ಊರೂರಿನಿಂದ ಅಂಥವೇ ಚೀಟಿಗಳು ಬರುತ್ತಿದ್ದವು.

ಮಧ್ಯಾಹ್ನ ಎರಡರ ಸುಮಾರಿಗೆ ಸರಕಾರದ ಘೋಷಣೆ ಬಂತು. ಹಳೆಯ ಅಧ್ಯಕ್ಷರೇ ಗೆದ್ದಿದ್ದಾರೆ.

ಅವಳು ಫೋನನ್ನು ಮೇಜಿನ ಮೇಲೆ ಮಗುಚಿ ಹಾಕಿದಳು.

“ಮತಗಟ್ಟೆವಾರು ಲೆಕ್ಕ ಕೊಟ್ಟಾರೇನು?” ಎಂದು ನಾನು ನನಗೆ ಬಂದ ಇಂಗ್ಲಿಷಿನಲ್ಲಿ ಕೇಳಿದೆ.

“ಇಲ್ಲ, ಸೆನ್ಯೋರಾ. ಒಂದು ಹಾಳೆಯೂ ಇಲ್ಲ.”

ಆಗ ನನಗೆ ಸಿಟ್ಟೇ ಬಂತು. ಅಲ್ಲಿಯ ರಾಜಕೀಯ ನನಗೆ ಗೊತ್ತಿರಲಿಲ್ಲ. ಆದರೆ ನಾನೂ ಎಷ್ಟೋ ಚುನಾವಣೆಗಳಲ್ಲಿ ಪ್ರಿಸೈಡಿಂಗ್ ಆಫೀಸರ್ ಆಗಿದ್ದವಳು. ಒಮ್ಮೆ ನವಲಗುಂದದ ಕಡೆಯ ಒಂದು ಹಳ್ಳಿಯಲ್ಲಿ ರಿಜಿಸ್ಟರಿಗೂ ಯಂತ್ರಕ್ಕೂ ಒಂದೇ ಒಂದು ಮತದ ವ್ಯತ್ಯಾಸ ಬಂತು. ಬಸ್ಸು ಹಾರ್ನ್ ಹೊಡೆಯುತ್ತಿದ್ದರೂ ಯಾರನ್ನೂ ಏಳಗೊಡಲಿಲ್ಲ ನಾನು. ಕೊನೆಗೆ ರಿಜಿಸ್ಟರಿನ ಒಂದೇ ಸಾಲಿನಲ್ಲಿ ಅತ್ತೆ ಸೊಸೆ ಇಬ್ಬರ ಹೆಬ್ಬೆಟ್ಟೂ ಬಿದ್ದಿರುವುದು ಸಿಕ್ಕಿತು. ಒಂದು ಮತಕ್ಕೆ ನಾವು ಅಷ್ಟು ಒದ್ದಾಡಿದ್ದೆವು. ಇಲ್ಲಿ ಇಡೀ ದೇಶದ ಲೆಕ್ಕವನ್ನೇ ತೋರಿಸುವುದಿಲ್ಲವೆಂದರೆ?

ಮಂಗಳವಾರದಿಂದ ತಮ್ಮನ ಫೋನು ಬಂದ್ ಆಯಿತು. ಚೀಟಿ ಇಟ್ಟುಕೊಂಡ ಏಜೆಂಟರನ್ನು ಮನೆಮನೆಗೆ ಬಂದು ಹಿಡಿಯುತ್ತಿದ್ದಾರೆ ಎಂಬ ಸುದ್ದಿ. ತಂಗಿ ಕೆಲಸಕ್ಕೆ ಹೋಗುತ್ತಿದ್ದಳು, ಬರುತ್ತಿದ್ದಳು. ಗೋಡೆಯ ಆಚೆಯಿಂದ ಅವಳು ಮತ್ತೆ ಮತ್ತೆ ಅದೇ ನಂಬರಿಗೆ ವಾಯ್ಸ್ ಮೆಸೇಜ್ ಕಳಿಸುವುದು ಕೇಳಿಸುತ್ತಿತ್ತು.

ಆ ಶನಿವಾರ ಟೌನ್ ಹಾಲ್ ಎದುರು ಪ್ರತಿಭಟನೆ ಎಂದು ಅವರ ಜನ ನಿರ್ಧರಿಸಿದರು. ಚೀಟಿಗಳ ಅಂಕಿಗಳನ್ನು ದೊಡ್ಡ ರಟ್ಟುಗಳ ಮೇಲೆ ಬರೆದು ಹಿಡಿಯುವುದು ಅವರ ಯೋಚನೆ. ಶುಕ್ರವಾರ ಮಧ್ಯಾಹ್ನ ತಂಗಿಯ ಗರಾಜಿನಲ್ಲಿ ಏಳೆಂಟು ಜನ ನೆಲದ ಮೇಲೆ ಕೂತು ಬರೆಯುತ್ತಿದ್ದರು. ನಾನು ಚಹಾ ಒಯ್ದವಳು ಅಲ್ಲೇ ಕೂತೆ. ಕೈ ಸುಮ್ಮನಿರಲಿಲ್ಲ. ಒಂದೊಂದೇ ರಟ್ಟು ತೆಗೆದುಕೊಂಡು ಕೂಡಿಸುತ್ತಾ ಹೋದೆ. ಹನ್ನೊಂದನೆಯದಕ್ಕೆ ನಿಂತೆ.

“ಇದರಾಗ ಐವತ್ತು ಹೆಚ್ಚಾಗ್ಯಾವು,” ಎಂದು ಬೆರಳಿಟ್ಟು ತೋರಿಸಿದೆ.

ವಿರೋಧ ಪಕ್ಷಕ್ಕೆ ಇನ್ನೂರ ಎಂಬತ್ತೊಂದು ಎಂದು ಬರೆದಿದ್ದರು. ಹಾಗಾದರೆ ಕೆಳಗಿನ ಮೊತ್ತ ಕೂಡುತ್ತಿರಲಿಲ್ಲ. ಫೋಟೋ ತರಿಸಿ ನೋಡಿದರೆ ಚೀಟಿ ಮಡಚಿದ ಗೆರೆ ಸರಿಯಾಗಿ ಆ ಅಂಕಿಯ ಮೇಲೇ ಹಾದಿತ್ತು. ನನ್ನ ಹತ್ತು ವರ್ಷದ ಮೊಮ್ಮಗಳು ಫೋಟೋ ಹಿಗ್ಗಿಸಿ, “ಅಜ್ಜಿ, ಇಟ್ಸ್ ಅ ತ್ರೀ!” ಎಂದು ಕೂಗಿದಳು. ಎಂಬತ್ತೊಂದಲ್ಲ, ಮೂವತ್ತೊಂದು.

ಪ್ರತಿಭಟನೆಯ ಮುಂದಾಳು ಗಡ್ಡದ ಎಂಜಿನಿಯರ್, ಮ್ಯಾಕ್ವೆರಿ ಪಾರ್ಕ್‌ನ ಆಫೀಸಿನಿಂದ ನೇರವಾಗಿ ಬಂದಿದ್ದ. ದಣಿದಿದ್ದ. “ಐವತ್ತು ತಾನೇ, ಸೆನ್ಯೋರಾ. ನಾವು ಲಕ್ಷಗಟ್ಟಲೆ ಅಂತರದಲ್ಲಿ ಗೆದ್ದಿದ್ದೇವೆ. ಹೊಸ ರಟ್ಟು ಇಲ್ಲ, ಬಿಟ್ಟುಬಿಡಿ,” ಎಂದ.

“ಬಿಡಾಕ ಬರೂದಿಲ್ಲ,” ಎಂದೆ. ಸಿಟ್ಟಿಗೆ ನನ್ನ ಇಂಗ್ಲಿಷು ಓಡಿಹೋಗಿ ಕನ್ನಡವೇ ಬಂತು. ಆಮೇಲೆ ತಡಕಾಡಿ ಹೇಳಿದೆ, “ನಿಮ್ಮ ಸರಕಾರದವರು ಈ ಒಂದನ್ನೇ ಹುಡುಕುತ್ತಾರೆ. ಒಂದು ಸುಳ್ಳು ಸಿಕ್ಕರೆ ಎಲ್ಲವೂ ಸುಳ್ಳು ಅನ್ನುತ್ತಾರೆ.”

ಅವನು ನನ್ನನ್ನೇ ನೋಡಿದ. ಆಮೇಲೆ ಅವನೇ ಎದ್ದು ಆ ರಟ್ಟಿನ ಹಿಂಬದಿಗೆ ಹೊಸದಾಗಿ ಬರೆಯತೊಡಗಿದ. ಉಳಿದ ರಟ್ಟುಗಳನ್ನೂ ತಂದು ನನ್ನ ಮುಂದೆ ಒಟ್ಟಿದರು. ಸಂಜೆಯವರೆಗೆ ತಿದ್ದಿದೆ. ಇನ್ನೂ ಎರಡು ತಪ್ಪು ಸಿಕ್ಕವು, ಒಂದು ಸರಕಾರದ ಕಡೆಗೇ ಹೆಚ್ಚು ಹಾಕಿದ್ದು! ಎಲ್ಲರೂ ಹೋ ಎಂದು ನಕ್ಕರು. ಪರೀಕ್ಷೆಯ ಪೇಪರ್ ತಿದ್ದುವಾಗ ನನಗೆ ಅಷ್ಟು ಹುರುಪು ಎಂದೂ ಬಂದಿರಲಿಲ್ಲ.

ಶನಿವಾರ ಬೆಳಗ್ಗೆ ಮಗಳು ಬಾಗಿಲಲ್ಲಿ ಅಡ್ಡ ನಿಂತಳು.

“ಅವ್ವಾ, ನೀ ವಿಸಿಟರ್ ವೀಸಾದ ಮ್ಯಾಲ ಬಂದೀ. ಏನರ ಪ್ರಾಬ್ಲಮ್ ಆದ್ರ ನಾಳೆ ನಮ್ಮ ಪಿಆರ್‌ಗೂ ತೊಂದ್ರಿ, ಇಲ್ಲೇ ಖಾಯಂ ಇರೂ ಪರ್ಮಿಶನ್ ಇನ್ನೂ ಸಿಕ್ಕಿಲ್ಲ.”

“ಇಲ್ಲಿ ಪೊಲೀಸರ ಪರ್ಮಿಶನ್ ತಗೊಂಡ ಮಾಡಾಕತ್ತಾರ. ನಾ ಏನ್ ಕಲ್ಲ ಒಗ್ಯಾಕ ಹೊಂಟೇನೇನು?”

“ಹಂಗಲ್ಲ. ನಿನಗ್ಯಾಕ ಬೇಕು ಅವರ ಎಲೆಕ್ಷನ್?”

“ನಾ ತಿದ್ದಿದ ಲೆಕ್ಕ ಐತೆವಾ ಅದರಾಗ,” ಎಂದೆ. ಅವಳು ಬಾಗಿಲು ಬಿಟ್ಟು ಸರಿದಳು. ನನ್ನ ಕೊರಳಿಗೆ ಮಫ್ಲರ್ ಸುತ್ತಿ, ಲೊಕೇಶನ್ ಆನ್ ಇಟ್ಟುಕೋ ಎಂದು ನಾಲ್ಕು ಸಲ ಹೇಳಿ ಕಳಿಸಿದಳು.

ಹತ್ತಿರದ ಸ್ಟೇಷನ್ ಪೆಂಡಲ್ ಹಿಲ್‌ನಿಂದ ಟ್ರೇನು. ರಟ್ಟುಗಳನ್ನು ಹಿಡಿದ ನಮ್ಮನ್ನು ಎಲ್ಲರೂ ನೋಡುತ್ತಿದ್ದರು. ಟ್ರೇನಿನಲ್ಲಿ ತಂಗಿ ಹೇಳಿಕೊಟ್ಟ ಘೋಷಣೆಗಳನ್ನು ನಾನು ಕನ್ನಡ ಅಕ್ಷರದಲ್ಲಿ ಬರೆದುಕೊಂಡೆ. ‘ಲಿಬೆರ್ತಾದ್’ ಎಂದರೆ ಸ್ವಾತಂತ್ರ್ಯ. ಅದೊಂದೇ ಬಾಯಿಗೆ ಸಲೀಸಾಗಿ ಬಂತು.

ಟೌನ್ ಹಾಲ್ ಎದುರು ಮೆಟ್ಟಿಲಿನಿಂದ ಫುಟ್‌ಪಾತಿನವರೆಗೂ ಜನ. ಪಾತ್ರೆಗಳನ್ನು ಸೌಟಿನಿಂದ ಬಡಿಯುತ್ತಿದ್ದರು. ಅವರ ದೇಶದಲ್ಲಿ ಸರಕಾರದ ಮೇಲಿನ ಸಿಟ್ಟನ್ನು ಹಾಗೆ ತೋರಿಸುತ್ತಾರಂತೆ. ನನ್ನ ಕೈಗೂ ಯಾರೋ ಒಂದು ಬಾಣಲೆ ಕೊಟ್ಟರು. ಮೊದಲು ಮೆಲ್ಲಗೆ ತಟ್ಟಿದೆ, ನಾಚಿಕೆಯಿಂದ. ಗಡ್ಡದ ಎಂಜಿನಿಯರ್ ಮೈಕಿನಲ್ಲಿ ಒಂದು ಮಾತು ಕೂಗಿದ, ಸಾವಿರ ಗಂಟಲು ಒಟ್ಟಿಗೆ ಉತ್ತರಿಸಿತು. ಅದು ನನ್ನ ಕಿವಿಗಲ್ಲ, ಎದೆಗೇ ಬಂದು ಬಡಿಯಿತು. ನಾನೂ ಕೂಗಿದೆ. “ಲಿಬೆರ್ತಾದ್!” ಎರಡನೆಯ ಸಲ ಇನ್ನೂ ಜೋರಾಗಿ. ಯಾವ ಹೆಡ್‌ಮಾಸ್ಟರ್ ಬಂದು ಮೆಮೋ ಕೊಡುತ್ತಾರೆ ಈಗ? ಪಕ್ಕದಲ್ಲಿ ತಂಗಿ ಅಳುತ್ತಲೇ ಕೂಗುತ್ತಿದ್ದಳು, ತಮ್ಮನ ಶಾಲೆಯ ಚೀಟಿಯ ರಟ್ಟನ್ನು ತಲೆಯ ಮೇಲೆತ್ತಿ. ಅವಳ ತೋಳು ಸೋತಾಗ ನಾನು ಹಿಡಿದೆ.

ಮನೆಗೆ ಬಂದಾಗ ಮಗಳು ಮೊಬೈಲಿನಲ್ಲಿ ವಿಡಿಯೋ ನೋಡುತ್ತಿದ್ದಳು. ಮೊದಲ ಸಾಲಿನಲ್ಲಿ ಕಾಟನ್ ಸೀರೆಯ ಮೇಲೆ ಅಳಿಯನ ಜಾಕೆಟ್ ತೊಟ್ಟ ಮುದುಕಿ, ಬಾಣಲೆ ಬಡಿಯುತ್ತಾ. “ಏ ಅವ್ವಾ, ಇದು ನೀನ ಏನ?” ಎಂದು ಬಿದ್ದು ಬಿದ್ದು ನಕ್ಕಳು. ಆ ನಗೆಯಲ್ಲಿ ಸಿಟ್ಟು ಇರಲಿಲ್ಲ. ಎರಡು ವಾರದ ಮೇಲೆ ಮೆಲ್ಬರ್ನ್‌ನಲ್ಲಿ ಎಲ್ಲ ನಗರಗಳವರು ಸೇರುತ್ತಾರೆಂದು ಗೊತ್ತಾದಾಗ ಟಿಕೆಟ್ ಬುಕ್ ಮಾಡಿದವಳು ಅವಳೇ. ನಾನು, ಅವಳು, ಮೊಮ್ಮಗಳು, ತಂಗಿ, ನಾಲ್ಕು ಜನ ಹೊರಟೆವು.

ಮೆಲ್ಬರ್ನ್‌ನಲ್ಲಿ ಚಳಿ ಮೂಳೆಗೆ ಇಳಿಯುತ್ತಿತ್ತು. ಸ್ಟೇಟ್ ಲೈಬ್ರರಿಯ ಮುಂದಿನ ಹುಲ್ಲಿನ ಮೇಲೆ ಸಿಡ್ನಿಗಿಂತ ದುಪ್ಪಟ್ಟು ಜನ. ಗಡ್ಡದ ಎಂಜಿನಿಯರ್ ಇದ್ದಕ್ಕಿದ್ದಂತೆ ಮೈಕಿನಲ್ಲಿ ನನ್ನ ಕಡೆ ಕೈ ತೋರಿಸಿದ. ನಮ್ಮ ಲೆಕ್ಕ ತಿದ್ದಿದ ಸೆನ್ಯೋರಾ ಎಂದನಂತೆ. ಜನ ದಾರಿ ಬಿಟ್ಟರು. ಮೈಕ್ ಕೈಗೆ ಬಂತು. ಇದ್ದಬಿದ್ದ ಇಂಗ್ಲಿಷೂ ಹಾರಿಹೋಯಿತು.

ಮೊಮ್ಮಗಳು ಸೆರಗು ಜಗ್ಗಿದಳು. “ಅಜ್ಜಿ, ಜಸ್ಟ್ ಸೇ ಇಟ್ ಇನ್ ಕನ್ನಡ. ಐ’ಲ್ ಟೆಲ್ ದೆಮ್.”

ಹೇಳಿದೆ. “ನಾ ಗಣಿತದ ಟೀಚರ್. ನಿಮ್ಮ ದೇಶದಾಗ ಯಾರು ಛಲೋ, ಯಾರು ಕೆಟ್ಟ, ನನಗ ಗೊತ್ತಿಲ್ಲ. ಲೆಕ್ಕ ಅಷ್ಟ ಗೊತ್ತು. ಉತ್ತರ ಸರಿ ಇದ್ದ ಹುಡುಗ ಹಾಳಿ ಮುಚ್ಚಿಡೂದಿಲ್ಲ, ಓಡಿಬಂದು ತೋರಸ್ತಾನ. ನೀವು ತೋರ್ಸೀರಿ. ಅವರೂ ತೋರಸ್ಲಿ!”

ಮೊಮ್ಮಗಳು ಇಂಗ್ಲಿಷಿನಲ್ಲಿ ಹೇಳಿದಳು, ಒಂದು ಮಾತನ್ನೂ ಬಿಡದೆ. ಕೆಲವರು ನಕ್ಕು ಚಪ್ಪಾಳೆ ಹೊಡೆದರು. ತಂಗಿ ಅದನ್ನು ಸ್ಪ್ಯಾನಿಷ್‌ಗೆ ತಿರುಗಿಸಿದಳು. ಆಗ ಎದ್ದಿತು ನೋಡಿ ಕೂಗು! ಟ್ರಾಮಿನಲ್ಲಿ ಕೂತವರೆಲ್ಲ ಕಿಟಕಿಗೆ ಮುಖ ಹಚ್ಚಿದರು. ನನ್ನ ಮಗಳು, ಪಿಆರ್ ಚಿಂತೆಯ ನನ್ನ ಮಗಳು, ಎರಡೂ ಕೈ ಎತ್ತಿ ಕೂಗುತ್ತಿದ್ದಳು.

ಅದಾದ ಐದನೆಯ ದಿನ, ಗುರುವಾರ ಮಧ್ಯಾಹ್ನ, ಪಕ್ಕದ ಮನೆಯಿಂದ ಒಂದು ಚೀತ್ಕಾರ ಕೇಳಿಸಿತು. ಕೆಟ್ಟ ಸುದ್ದಿಯೇ ಇರಬೇಕೆಂದು ಬರಿಗಾಲಲ್ಲಿ ಹಿತ್ತಲಿಗೆ ಓಡಿದೆ. ತಂಗಿ ಬೇಲಿ ಹತ್ತಿ ಈಚೆ ಧುಮುಕಿದಳು, ಅಂಗಿಯ ತೋಳು ಹರಿದುಕೊಂಡು.

“ದಾಟಿದ! ಸೆನ್ಯೋರಾ, ಗಡಿ ದಾಟಿದ!”

ಫೋನಿನಲ್ಲಿ ಅವಳ ತಮ್ಮನ ಮುಖ. ಬಡಕಲಾಗಿದ್ದ, ಗಡ್ಡ ಬೆಳೆದಿತ್ತು. ಹೊಳೆ ದಾಟಿ ನೆರೆದೇಶದ ಒಂದು ಚರ್ಚಿನಲ್ಲಿ ಉಳಿದಿದ್ದನಂತೆ. ಚೀಟಿಯನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಬೂಟಿನ ಒಳ ಅಟ್ಟೆಯ ಕೆಳಗೆ ಇಟ್ಟುಕೊಂಡು ಮೂರು ವಾರ ಊರಿಂದೂರಿಗೆ ತಿರುಗಿದ್ದ. ಅಕ್ಕನ ವಾಯ್ಸ್ ಮೆಸೇಜುಗಳನ್ನೆಲ್ಲ ಆಗಲೇ ಕೇಳಿಸಿಕೊಂಡಿದ್ದ ಅವನು ಅವಳನ್ನು ಏನೋ ಕೇಳಿದ. ಅವಳು ನನ್ನ ಕಡೆ ತಿರುಗಿ, “ಕೂಡಿಸಿ ನೋಡಿದವರು ಇವರೇನಾ ಎಂದು ಕೇಳುತ್ತಿದ್ದಾನೆ,” ಎಂದಳು. ನಾನು ಕೈ ಮುಗಿದೆ. ಅವನೂ ಹಾಗೇ ಕೈ ಮುಗಿದ, ಅದು ಅವರ ಪದ್ಧತಿ ಅಲ್ಲದಿದ್ದರೂ.

ಆ ಸರಕಾರ ಬೀಳಲಿಲ್ಲ. ಹಳೆಯ ಅಧ್ಯಕ್ಷರೇ ಮತ್ತೆ ಪ್ರಮಾಣವಚನ ತೆಗೆದುಕೊಂಡರು. ಮತಗಟ್ಟೆವಾರು ಲೆಕ್ಕವನ್ನು ಇವತ್ತಿನವರೆಗೂ ಕೊಟ್ಟಿಲ್ಲ. ತಮ್ಮ ಈಗ ನೆರೆದೇಶದ ಒಂದು ಬೇಕರಿಯಲ್ಲಿ ಕೆಲಸ ಮಾಡುತ್ತಾನೆ. ನಾನು ಧಾರವಾಡಕ್ಕೆ ಮರಳಿದ್ದೇನೆ. ಬೆಳಗಿನ ವಾಕಿಂಗಿನಲ್ಲಿ ನಿವೃತ್ತ ಶಿಕ್ಷಕಿಯರಿಗೆ ಈ ಕಥೆ ಹೇಳಿದಾಗ ಒಬ್ಬರು, “ಇಷ್ಟೆಲ್ಲಾ ಮಾಡಿ ಏನಾತ್ರಿ ಬಾಯಾರ?” ಎಂದು ಕೇಳಿದರು. ಅವನು ಜೀವಂತ ಇದ್ದಾನ್ರಿ, ಚೀಟಿನೂ ಐತಿ ಎಂದೆ. ಆಮೇಲೆ, ಕೆರೆಯ ದಂಡೆಯ ಮೇಲೆ ಬೇರೆ ಯಾರೂ ಇಲ್ಲವೆಂದು ನೋಡಿಕೊಂಡು, ಹೇಗೆ ಕೂಗಿದೆನೆಂದು ಅವರಿಗೆ ಕೂಗಿ ತೋರಿಸಿದೆ.