ತಳದಲ್ಲಿದ್ದ ಹಾಳೆ

ಗ್ರಂಥಾಲಯದ ನೆಲಮಾಳಿಗೆಯಲ್ಲಿ ಕಟ್ಟಡಗಳ ಹಳೆಯ ನಕ್ಷೆಗಳನ್ನು ನೋಡಿಕೊಳ್ಳುತ್ತಿದ್ದ ಹೆಂಗಸನ್ನು ಎಲ್ಲರೂ ಚಾಪೆಯಕ್ಕ ಎಂದೇ ಕರೆಯುತ್ತಿದ್ದರು. ಅವಳ ಹಾಳೆಗಳು ಚಾಪೆಯಷ್ಟು ಅಗಲ. ಮಡಚುವಂತಿಲ್ಲ, ಸುತ್ತುವಂತಿಲ್ಲ, ಕಬ್ಬಿಣದ ಡ್ರಾಯರುಗಳಲ್ಲಿ ಒಂದರ ಮೇಲೊಂದು ಅಂಗಾತ ಮಲಗಿರಬೇಕು. ಎತ್ತಲು ಇಬ್ಬರು ಬೇಕು. ಜೊತೆಗಾರ ನಿವೃತ್ತನಾದ ಮೇಲೆ ಆ ಜಾಗಕ್ಕೆ ಯಾರೂ ಬರಲಿಲ್ಲ. ಕೇಳಿ ಕೇಳಿ ಅವಳ ಬಾಯಿ ಒಣಗಿತು. "ನೋಡೋಣ" ಎನ್ನುತ್ತಿದ್ದ ಅಧಿಕಾರಿಯೂ ಪಾಪ, ತನ್ನ ಮೇಲಿನವರಿಂದ ಅದೇ ಮಾತು ಕೇಳಿ ಬರುತ್ತಿದ್ದ.

ಆ ದಿನಗಳಲ್ಲೇ ಒಬ್ಬ ಅಜ್ಜಿ ಬಂದರು. ಊರಿನ ನಾಟಕಶಾಲೆಯ ನಕ್ಷೆ ಬರೆದದ್ದು ಅವರ ತೀರಿಹೋದ ಗಂಡ. ಕಟ್ಟಡವನ್ನು ಕೆಡವಿಯಾಗಿತ್ತು.

"ಒಂದ್ಸಲ ನೋಡ್ಬೇಕಿತ್ತಮ್ಮ."

ಅದು ಡ್ರಾಯರಿನ ತಳದಲ್ಲಿತ್ತು. "ನನ್ನೊಬ್ಬಳ ಕೈಲಿ ಆಗಲ್ಲ ಅಜ್ಜಿ. ಹಾಳೆ ಒಣಗಿಹೋಗಿದೆ, ಮುರಿಯುತ್ತೆ. ಮುಂದಿನ ತಿಂಗಳು ಬನ್ನಿ, ಯಾರಾದ್ರೂ ಸೇರಿರ್ತಾರೆ."

ಅಜ್ಜಿ ಮುಂದಿನ ತಿಂಗಳು ಬಂದರು. ಅದರ ಮುಂದಿನ ತಿಂಗಳೂ ಬಂದರು. "ಆ ಕಡೆ ನಾನೇ ಹಿಡ್ಕೋತೀನಿ ಬಿಡು" ಎಂದು ಕೈ ಚಾಚಿದರು. ಕೈ ನಡುಗುತ್ತಿತ್ತು. ಚಾಪೆಯಕ್ಕನಿಗೆ ಹೂಂ ಎನ್ನಲೂ ಆಗಲಿಲ್ಲ, ಕಳಿಸಲೂ ಮನಸ್ಸಾಗಲಿಲ್ಲ. ಮೇಲಿನ ಹಾಳೆಗಳ ಅಡಿಗೆ ರಟ್ಟು ತೂರಿಸಿ ಅವುಗಳ ಒಂದು ಮೂಲೆಯನ್ನಷ್ಟೇ ಎತ್ತಿ ಹಿಡಿದಳು. ಮೆಟ್ಟಿಲಿನ ನಾಲ್ಕಾರು ಗೆರೆ ಕಂಡವು.

ಅಜ್ಜಿ ಬಗ್ಗಿ ನೋಡಿ ನಕ್ಕರು. "ಬದುಕಿದ್ದಾಗ್ಲೂ ಹೀಗೇ, ಪೂರ್ತಿ ಕೈಗೆ ಸಿಗ್ತಿರ್ಲಿಲ್ಲ."

ಚಾಪೆಯಕ್ಕನಿಗೆ ನಗು ಬರಲಿಲ್ಲ.

ಆಮೇಲೆ ನೆಲಮಾಳಿಗೆಯ ಗೋಡೆ ಜಿನುಗತೊಡಗಿತು. ನಕ್ಷೆಗಳನ್ನೆಲ್ಲ ದೂರದ ಗೋದಾಮಿಗೆ ಸಾಗಿಸುವುದೆಂದಾಯಿತು. ಇಷ್ಟು ದಿನ ಒಬ್ಬ ಆಳಿಗೆ ಗತಿಯಿಲ್ಲದ ಕಡೆ ಈಗ ಲಾರಿಯ ಜೊತೆ ನಾಲ್ವರು ಗಟ್ಟಿಗರು ಬಂದಿಳಿದರು. ಒಂದೊಂದೇ ಹಾಳೆಯನ್ನು ಮೇಜಿಗಿಳಿಸಿ, ಎರಡು ಹಲಗೆಗಳ ನಡುವೆ ಇಟ್ಟು ಕಟ್ಟತೊಡಗಿದರು. ನಾಟಕಶಾಲೆ ಮೇಜಿನ ಮೇಲೆ ಹರಡಿಕೊಂಡಿತು. ಚಾಪೆಯಕ್ಕ ಗೋಡೆಯ ಫೋನಿಗೆ ಓಡಿ, ಅಜ್ಜಿ ಬರೆದುಕೊಟ್ಟಿದ್ದ ನಂಬರು ಒತ್ತಿದಳು.

ಎತ್ತಿದ್ದು ಸೊಸೆ. "ಅತ್ತೆ ಹಾಸಿಗೆ ಹಿಡಿದಿದ್ದಾರೆ. ಇರಿ, ಕಿವಿ ಹತ್ರ ಇಡ್ತೀನಿ."

"ಅಜ್ಜಿ, ಪೂರ್ತಿ ಕಾಣ್ತಾ ಇದೆ."

"ಹೇಗಿದೆ ಹೇಳು."

ವರ್ಷಗಟ್ಟಲೆ ಹಾಳೆಗಳನ್ನು ಕಾಯ್ದವಳು ಮೇಜಿನತ್ತ ತಿರುಗಿದಳು. ಎಷ್ಟೊಂದು ಗೆರೆಗಳು, ಯಾವುದನ್ನು ಮೊದಲು ಹೇಳುವುದು? "ತುಂಬಾ ದೊಡ್ಡದಿದೆ ಅಜ್ಜಿ."

"ಅದು ಗೊತ್ತು ಕಣೆ. ಆಮೇಲೆ?"

"ಅಕ್ಕಾ, ಲಾರಿ ಕಾಯ್ತಿದೆ" ಎಂದ ಗಟ್ಟಿಗರಲ್ಲೊಬ್ಬ. "ಒಂದು ನಿಮಿಷ" ಎಂದು ಅವಳು ಕೈಯೆತ್ತುವಷ್ಟರಲ್ಲಿ ಮೇಲಿನ ಹಲಗೆ ಕೂತಿತ್ತು, ಹಗ್ಗ ಬಿದ್ದಿತ್ತು. ಫೋನಿನಲ್ಲಿ ಅಜ್ಜಿಯ ಉಸಿರು ಕೇಳುತ್ತಲೇ ಇತ್ತು. "ಎರಡೂ ಕಡೆ ಮೆಟ್ಟಿಲಿವೆ" ಎಂದಳು ಚಾಪೆಯಕ್ಕ, ಹಲಗೆಯನ್ನು ಅಡ್ಡ ತಿರುಗಿಸಿ ಬಾಗಿಲು ದಾಟಿಸುತ್ತಿದ್ದವರನ್ನೇ ನೋಡುತ್ತಾ.