ಹೊರಗುತ್ತಿಗೆಯ ಅರ್ಥ

ಬೆಳಿಗ್ಗೆ ಸ್ಕೂಟರಿನಲ್ಲಿ ಮೀನು ಮಾರುವವನು ಗೇಟಿನ ಮುಂದೆ ನಿಂತಾಗ, ಕಾಟ್ಲಾ ಮೀನಿನ ಕಿವಿರು ಎತ್ತಿ ನೋಡಿದೆ. ಕಂದಾಗಿತ್ತು; ತಾಜಾ ಮೀನಿನದು ಕೆಂಪಗಿರಬೇಕು.

"ಏನಕ್ಕ, ಡಾಕ್ಟ್ರಾ ನೀವು?" ಎಂದು ನಕ್ಕ.

ನನಗೆ ನಗು ಬರಲಿಲ್ಲ. ಕಿವಿರು ನೋಡುವುದನ್ನು ಕಲಿಸಿದವಳು ರೇಣುಕಾ, ಲಗ್ಗೆರೆಯ ನಮ್ಮ ಮನೆಯ ಮಹಡಿ ಕೋಣೆಯಲ್ಲಿ ಬಾಡಿಗೆಗಿದ್ದ ಕೊಪ್ಪಳದ ಹುಡುಗಿ. ಮೀನುಗಾರಿಕೆ ವಿಜ್ಞಾನ ಓದಿ, ಪೀಣ್ಯದ ಕಾರ್ಖಾನೆಯಲ್ಲಿ ಬೋಲ್ಟುಗಳ ಅಳತೆ ನೋಡುತ್ತಿದ್ದಳು. ಕೆರೆಗಳನ್ನು ನೋಡಿಕೊಳ್ಳುವ ಮೀನುಗಾರಿಕೆ ಅಧಿಕಾರಿಯಾಗಬೇಕೆಂದು ಅವಳಾಸೆ. ಸರ್ಕಾರ ಅರ್ಜಿ ಕರೆಯುತ್ತಲೇ ಇರಲಿಲ್ಲ.

"ಬರೋ ವರ್ಷ ನಂಗ ವಯಸ್ಸು ಮೀರತೈತ್ರಿ ಆಂಟಿ. ಆಮ್ಯಾಲೆ ಕರದ್ರೂ ಅಷ್ಟ, ಬಿಟ್ರೂ ಅಷ್ಟ," ಎನ್ನುತ್ತಿದ್ದಳು.

ಅವಳಿಗೆ ಪೇಪರ್ ನೋಡಲು ಪುರುಸೊತ್ತಿಲ್ಲವೆಂದು ಆ ಕೆಲಸ ನಾನು ವಹಿಸಿಕೊಂಡೆ. ಕಾನ್ವೆಂಟಿನಲ್ಲಿ ಓದಿದ ನಾನು ಕನ್ನಡ ಪತ್ರಿಕೆ ಓದುವುದೆಂದರೆ ಅಕ್ಕಿ ಆರಿಸಿದ ಹಾಗೆ, ನಿಮಗೆ ನಗು ಬಂದೀತು. ಒಂದು ದಿನ ಮೀನುಗಾರಿಕೆ, ಹುದ್ದೆ, ಹೊರಗುತ್ತಿಗೆ ಮೂರೂ ಒಂದೇ ಸಾಲಿನಲ್ಲಿ ಕಂಡವು. ಹೊರಗೆ ಎಂದರೆ ಹೊರಗೆ ತಾನೇ! ಕೆರೆ ದಂಡೆಯ ಕೆಲಸವೇ ಇರಬೇಕೆಂದುಕೊಂಡೆ. ಅರ್ಜಿಗೆ ಅಂದೇ ಕೊನೆಯ ದಿನ.

"ರೇಣು, ಕರೆದಿದ್ದಾರೆ ಕಣೇ! ಆಚೆ ಕೆಲಸ, ಕೆರೆ ಹತ್ರ!" ಎಂದು ಫೋನಿನಲ್ಲಿ ಕೂಗಿದೆ.

ಅವಳು ಅರ್ಧ ದಿನ ರಜೆ ಕೇಳಿದಳಂತೆ. ಸೂಪರ್‌ವೈಸರ್ ಕೊಡಲಿಲ್ಲವಂತೆ. "ನಿಮ್ಮ ಕೆಲ್ಸ ನೀವ ಇಟ್ಕೋರಿ" ಎಂದು ಬಂದೇಬಿಟ್ಟಳು. ಚಪ್ಪಲಿ ಬಿಡದೆ, ಬಾಗಿಲಲ್ಲೇ ನಿಂತು ಪೇಪರ್ ಓದಿದಳು.

"ಹೊರಗುತ್ತಿಗಿ ಅಂದ್ರ ಏಜೆನ್ಸಿ ಕೆಲ್ಸ ರೀ ಆಂಟಿ. ಹನ್ನೊಂದ್ ತಿಂಗಳು, ಆಫೀಸಿನ್ಯಾಗ ಕಂಪ್ಯೂಟರ್ ಮುಂದ. ಕೆರಿ ಎಲ್ಲಿಂದ ಬರ್ಬೇಕು?"

ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. ಸಂಭ್ರಮಕ್ಕೆಂದು ನಾನು ಮಾಡಿಟ್ಟಿದ್ದ ಕೇಸರಿಬಾತನ್ನು ತಿಂದಳು.

ಮರುದಿನ ಕಾರ್ಖಾನೆಗೆ ಹೋಗಿ ಕೇಳಿಕೊಂಡಳು. ಸೇರಿಸಿಕೊಂಡರು, ಆದರೆ ಏಜೆನ್ಸಿಯ ಮೂಲಕ. ಸಂಜೆ ಕೊರಳಿನ ಹೊಸ ಕಾರ್ಡು ತೋರಿಸಿ, "ನೋಡ್ರಿ, ನಾನೂ ಹೊರಗುತ್ತಿಗಿ ಆದೆ. ಹೊರಗ ಹೋಗೂದು ಮಾತ್ರ ಆಗ್ಲಿಲ್ಲ," ಎಂದಳು.

ಆ ವರ್ಷವೂ ಅರ್ಜಿ ಕರೆಯಲಿಲ್ಲ. ವಯಸ್ಸು ಮೀರಿತು. ಮಾದನಾಯಕನಹಳ್ಳಿಯ ಗೋದಾಮೊಂದರಲ್ಲಿ ಕೆಲಸ ಸಿಕ್ಕಿ, ಕೋಣೆ ಖಾಲಿ ಮಾಡಿದಳು. ಇಂದಿಗೂ ಪೇಪರಿನಲ್ಲಿ ಉದ್ಯೋಗದ ಜಾಹೀರಾತಿನ ಪುಟ ಬಂದರೆ ನನ್ನ ಬೆರಳು ತಾನಾಗಿ ಸಾಲು ಹುಡುಕುತ್ತದೆ.

"ಕಿವಿರು ನೋಡೋದೆಲ್ಲಾ ಯಾರ್ ಹೇಳ್ಕೊಟ್ರಕ್ಕ ನಿಮ್ಗೆ?" ಮೀನಿನವನು ಕೇಳಿದ.

"ನಮ್ಮನೇಲಿ ಒಬ್ರು ಮೀನುಗಾರಿಕೆ ಅಧಿಕಾರಿ ಇದ್ರು," ಎಂದೆ.

ಅವನ ನಗು ನಿಂತಿತು. "ಮೊದ್ಲೇ ಹೇಳೋದಲ್ವಾ ಮೇಡಂ!" ಎಂದು ಐಸಿನ ತಳಕ್ಕೆ ಕೈ ಹಾಕಿ, ಕೆಂಪು ಕಿವಿರಿನ ಮೀನೊಂದನ್ನು ತೆಗೆದು ಎರಡೂ ಕೈಯಲ್ಲಿ ಕೊಟ್ಟ.