ಕೊರಳಿಗೆ ಎರಡು ಟೈರು ಹಾಕಿಕೊಂಡು ಹೊರಟ ಸಂಜೆ

2011ನೇ ಇಸವಿ. ಪ್ರತ್ಯೇಕ ತೆಲಂಗಾಣದ ಹೋರಾಟ ಜೋರಾಗಿತ್ತು. ಬಸ್ಸುಗಳೆಲ್ಲ ಡಿಪೋದಲ್ಲೇ ನಿಂತುಬಿಟ್ಟಿದ್ದವು. ನಾನಾಗ ತಾಂಡೂರಿನ ಒಂದು ಕಲ್ಲು ಪಾಲಿಶ್ ಕಾರ್ಖಾನೆಯಲ್ಲಿ ಯಂತ್ರ ನಡೆಸುತ್ತಿದ್ದೆ. ಹೆಂಡತಿ ಸುನಂದಾ ಬಾಣಂತನಕ್ಕೆಂದು ಪೆದ್ದೆಮುಲ್ ಕಡೆಯ ಹಳ್ಳಿಯಲ್ಲಿ, ತನ್ನ ತವರಲ್ಲಿದ್ದಳು. ಚೊಚ್ಚಲ ಹೆಣ್ಣು ಕೂಸು. ಹುಟ್ಟಿದ ದಿನ ಆಸ್ಪತ್ರೆಯಲ್ಲಿ ಬಟ್ಟೆ ಸುತ್ತಿ ತೋರಿಸಿದ್ದರು, ಕಣ್ಣು ಮುಚ್ಚಿ ಮಲಗಿತ್ತು. ಆಮೇಲೆ ಎರಡು ವಾರ ಕಳೆದರೂ ಮಗಳು ಕಣ್ಣು ಬಿಟ್ಟದ್ದನ್ನು ನಾನು ನೋಡಿರಲಿಲ್ಲ. ಓಣಿಯವರೆಲ್ಲ ನೋಡಿದ್ದರು, ಹಾಲು ಹಾಕುವವನೂ ನೋಡಿದ್ದ. ಅಪ್ಪ ಅನ್ನಿಸಿಕೊಂಡವನು ಮಾತ್ರ ನೋಡಿರಲಿಲ್ಲ!

ಇದಕ್ಕೆ ಕಾರಣ ಎರಡು. ಒಂದು ನಮ್ಮ ಅತ್ತೆ, ಇನ್ನೊಂದು ನನ್ನ ಸೈಕಲ್ಲಿನ ಟೈರು.

ಅತ್ತೆಯದು ಬಹಳ ಕಟ್ಟುನಿಟ್ಟು. ಹೊರಗಿನಿಂದ ಬಂದವರು ಮೊದಲು ಸ್ನಾನ ಮಾಡಬೇಕು. ಸಂಜೆ ದೀಪ ಹಚ್ಚಿದ ಮೇಲಂತೂ ಬಾಣಂತಿ ಕೋಣೆಗೆ ಯಾರೂ ಕಾಲಿಡುವಂತಿಲ್ಲ. "ಅಳಿಯಾರ, ನೀವಾಗ್ಲಿ, ದೊಡ್ಡ ಸಾಹೇಬರೇ ಆಗ್ಲಿ, ಕೂಸಿಗಿ ಹೊರಗಿನ ಗಾಳಿ ಹತ್ತಬಾರದು ನೋಡ್ರಿ" ಎಂದು ಲೋಬಾನದ ಹೊಗೆ ಹಾಕಿ ಬಾಗಿಲು ಮುಚ್ಚಿಬಿಡುತ್ತಿದ್ದರು. ದಿನಾ ಕೆಲಸ ಬಿಟ್ಟು ಸೈಕಲ್ ತುಳಿದು ಹೋದ ನಾನು ಹೊರಗಿನ ಪಡಸಾಲೆಯಲ್ಲಿ ಮಲಗಿ, ಒಳಗೆ ಮಗಳು ಅಳುವುದನ್ನು ಕೇಳುತ್ತಿದ್ದೆ. ಬೆಳಗ್ಗೆ ನೋಡಬಹುದಿತ್ತಲ್ಲ ಅನ್ನುತ್ತೀರಿ. ಕಾರ್ಖಾನೆಗೆ ಕರೆಂಟು ಬರುತ್ತಿದ್ದುದು ನಸುಕಿನಲ್ಲಿ, ನಡುನಡುವೆ ಹೋಗಿ ಬಂದು ಕೆಲಸ ಮುಗಿಯುವಷ್ಟರಲ್ಲಿ ಸಂಜೆ. ಆ ಬಾಗಿಲು ತೆರೆಯುವ ಮುಂಚೆಯೇ ಹೊರಡಬೇಕಿತ್ತು. ಬಸ್ಸಿಲ್ಲದೆ ಅರ್ಧ ಆಳುಗಳು ಬರುತ್ತಿರಲಿಲ್ಲ, ಹಾಗಾಗಿ ಮಾಲೀಕರು ರಜೆಯನ್ನೂ ಕೊಡುತ್ತಿರಲಿಲ್ಲ.

ಇನ್ನು ಸೈಕಲ್ಲು. ನನ್ನ ತಮ್ಮ ಷೋಕಿಗೆ ಕೊಂಡಿದ್ದ ಗೇರ್ ಸೈಕಲ್ ಅದು, ಗುಡ್ಡ ಹತ್ತುವಂಥದ್ದು. ಟೈರಿನ ತುಂಬ ಗಂಟು ಗಂಟಾದ ಹಲ್ಲು. ಮಣ್ಣಲ್ಲಿ ರಾಜ, ಡಾಂಬರು ರಸ್ತೆಯಲ್ಲಿ ಗುರ್ ಅನ್ನುವುದೇ ಕೆಲಸ. ಎಷ್ಟು ತುಳಿದರೂ ಯಾರೋ ಹಿಂದಿನಿಂದ ಜಗ್ಗಿ ಹಿಡಿದಂತೆ ಇರುತ್ತಿತ್ತು. ಬೆವರು ಸುರಿಸಿಕೊಂಡು ಹೋಗಿ ಮುಟ್ಟುವಷ್ಟರಲ್ಲಿ ಅತ್ತೆ ಆಗಷ್ಟೇ ದೀಪ ಹಚ್ಚಿ ಕೈ ಮುಗಿಯುತ್ತಿರುತ್ತಿದ್ದರು. ದಿನಾ ಇದೇ ಹಣೆಬರಹ. ಸಿಟ್ಟು ಬಂದು ಟೈರು ಬದಲಿಸಿಯೇ ಸಿದ್ಧ ಎಂದು ಒಂದು ದಿನ ಕೆಲಸ ಬಿಟ್ಟವನೇ ಅಂಗಡಿಗೆ ಹೋದೆ.

ಅಂಗಡಿಯ ಚಾಚಾ ಅದೇ ರಿಮ್ಮಿಗೆ ಕೂಡುವ ಎರಡು ನಮೂನೆ ತೆಗೆದು ತೋರಿಸಿದರು. ಒಂದು ಪೂರಾ ನುಣುಪು, ತೆಳ್ಳಗೆ. ಇನ್ನೊಂದರ ನಡುವೆ ನುಣುಪು, ಅಂಚಿಗೆ ಸಣ್ಣ ಗೆರೆಗಳು. "ಓಡೋದು ತೆಳ್ಳಂದೇ" ಎಂದರು. ಮನಸ್ಸು ಅದರ ಮೇಲೇ ಇತ್ತು. ಆದರೆ ನಮ್ಮ ತಾಂಡೂರಿನ ದಾರಿ ನನಗೆ ಗೊತ್ತಿಲ್ಲವೇ? ಪಾಲಿಶ್ ಕಾರ್ಖಾನೆಗಳಿಂದ ಹರಿಯುವ ಕಲ್ಲಿನ ಕೆಸರು, ಲಾರಿಯಿಂದ ಉದುರಿದ ಚೂಪು ಚೂರುಗಳು. ಬಿದ್ದು ಕಾಲು ಮುರಿದುಕೊಂಡರೆ ಮಗಳನ್ನು ಅವಳ ಮದುವೆಯಲ್ಲೇ ನೋಡುವುದಾದೀತು ಎಂದು ಗೆರೆ ಇದ್ದದ್ದನ್ನೇ ಆರಿಸಿದೆ.

ಹಾಕಿಸಿಕೊಳ್ಳಬೇಕು, ಅಷ್ಟರಲ್ಲಿ ಬಂದ್ ಮಾಡಿಸುವ ಮೆರವಣಿಗೆ ಬಂತು. ಚಾಚಾ ದಡಬಡ ಶಟರ್ ಎಳೆದರು. ಹಳ್ಳಿಯಲ್ಲಿ ಯಾರಿಂದಾದರೂ ಹಾಕಿಸಿದರಾಯಿತೆಂದು ಎರಡೂ ಟೈರುಗಳನ್ನು ಹಾರದ ಹಾಗೆ ಕೊರಳಿಗೆ ಹಾಕಿಕೊಂಡು ಹೊರಟೆ. ಬುದ್ಧಿ ಬೇಡವೇ ನನಗೆ?

ಊರ ಹೊರಗಿನ ಕ್ರಾಸಿನಲ್ಲಿ ರಾಸ್ತಾ ರೋಕೋ. ಒಂದು ಕಡೆ ಪೆಂಡಾಲು, ನಡುರಸ್ತೆಯಲ್ಲೇ ಒಲೆ ಹೂಡಿ ಅಡುಗೆ, ಇನ್ನೊಂದು ಕಡೆ ಉರಿಯುತ್ತಿರುವ ಹಳೆಯ ಟೈರುಗಳು. ನನ್ನನ್ನು ನೋಡಿದ್ದೇ ತಡ, ಹುಡುಗರು ಕುಣಿದಾಡಿಬಿಟ್ಟರು. "ಅಣ್ಣ ಟೈರ್ ತಂದಾನ್ರೋ! ಜೈ ತೆಲಂಗಾಣ!" ಹೊಗೆಯಲ್ಲಿ ಹೊಸದೋ ಹಳೆಯದೋ ಯಾರು ನೋಡುತ್ತಾರೆ? ನಾನು ಬಾಯಿ ತೆರೆಯುವಷ್ಟರಲ್ಲಿ, ಕೊರಳಿಂದ ಕಿತ್ತುಕೊಂಡ ಒಂದು ಟೈರು ಬೆಂಕಿಯ ಕಡೆಗೆ ಉರುಳುತ್ತಿತ್ತು. ಸೈಕಲ್ ಬಿಸಾಕಿ ಓಡಿಹೋಗಿ ಟೈರನ್ನು ಅಪ್ಪಿ ಹಿಡಿದುಕೊಂಡೆ.

"ಏನೋ, ತೆಲಂಗಾಣಕಿಂತ ನಿನಗ ಟೈರ್ ಹೆಚ್ಚಾತೇನು?" ಎಂದು ಒಬ್ಬ ರೇಗಿದ. ಹೆಗಲಿಗೆ ಟವೆಲ್ ಹಾಕಿದ್ದ ಒಬ್ಬ ಹಿರಿಯರು ನಡುವೆ ಬಂದರು. "ಸುಮ್ನಿರ್ರೋ. ಏನಾತೋ ತಮ್ಮಾ, ಹೇಳು."

ನನಗೆ ಅಳುವೇ ಬಂದುಬಿಟ್ಟಿತು. "ಮಗಳು ಹುಟ್ಟಿ ಎರಡು ವಾರ ಆತ್ರಿ. ಕಣ್ಣು ತೆರೆದಿದ್ದು ನಾ ಒಮ್ಮಿ ಭೀ ನೋಡಿಲ್ರಿ" ಎಂದು ಅತ್ತೆಯ ದೀಪದಿಂದ ಹಿಡಿದು ಟೈರಿನ ತನಕ ಎಲ್ಲ ಒದರಿಬಿಟ್ಟೆ. ಆ ಪುಣ್ಯಾತ್ಮರು ಅತ್ತೆಯ ಹಳ್ಳಿ ಯಾವುದೆಂದು ಕೇಳಿಕೊಂಡು, ಮೈಕು ಹಿಡಿದು ತೆಲುಗಿನಲ್ಲಿ ಇಡೀ ಕಥೆಯನ್ನು ಸಾರಿದರು! ಅಡುಗೆ ಮಾಡುತ್ತಿದ್ದ ಹೆಂಗಸರು ಬಿದ್ದು ಬಿದ್ದು ನಕ್ಕರು. ಒಬ್ಬಾಕೆ "ಕೂಸಿಗಿ ತೆಲಂಗಾಣ ಅಂತೇ ಹೆಸರಿಡಪಾ" ಎಂದಳು. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

ಪೆಂಡಾಲಿನಲ್ಲಿ ಕೂತಿದ್ದ ಪಂಕ್ಚರ್ ಅಂಗಡಿಯವನು ಎದ್ದು ಬಂದ. ಬಂದ್ ಇದ್ದುದರಿಂದ ಅಂಗಡಿ ತೆರೆಯುವಂತಿಲ್ಲ. ಅಡುಗೆಯ ಸೌಟಿನ ಹಿಡಿಕೆಯಿಂದಲೇ ಹಳೆಯ ಟೈರು ಕಿತ್ತು ಹೊಸದು ಕೂಡಿಸಿದ. ಯಾರದೋ ಮನೆಯಿಂದ ಪಂಪು ತರಿಸಿ, ಬೆರಳೊತ್ತಿದರೆ ಅಲ್ಲಾಡದಷ್ಟು ಗಾಳಿ ತುಂಬಿದ. ದುಡ್ಡು ಕೊಡಹೋದರೆ, "ದುಡ್ಡು ಮುಟ್ಟಿದ್ರ ಧಂಧಾ ಆಗ್ತದ, ಬಂದ್ ಮುರೀತದ. ನಡಿ ನಡಿ, ಜಲ್ದಿ ಹೋಗು" ಎಂದು ಬೆನ್ನಿಗೆ ಗುದ್ದಿದ. ಹಲ್ಲುಹಲ್ಲಿನ ಹಳೆಯ ಟೈರುಗಳು ಜೈಕಾರದೊಂದಿಗೆ ಬೆಂಕಿಗೆ ಬಿದ್ದವು. ಮನಸ್ಸು ತಣ್ಣಗಾಯಿತು.

ಆಹಾ, ಆ ಸೈಕಲ್ ಓಡಿದ ಓಟವೇ! ಸದ್ದಿಲ್ಲ, ಜಗ್ಗಾಟವಿಲ್ಲ. ಆದರೆ ಕ್ರಾಸಿನಲ್ಲೇ ಹೊತ್ತು ಕಳೆದುಹೋಗಿತ್ತು. ಹಳ್ಳಿ ಸೇರುವಾಗ ಸೂರ್ಯ ಮುಳುಗಿ, ಎಲ್ಲ ಮನೆಗಳಲ್ಲೂ ದೀಪ ಕಾಣುತ್ತಿತ್ತು. ಹೋಯಿತು, ಇವತ್ತೂ ಹೋಯಿತು ಅಂದುಕೊಂಡೆ.

ನೋಡಿದರೆ ಅತ್ತೆಯ ಮನೆಯೊಂದೇ ಕಗ್ಗತ್ತಲು. ಕೂಸಿಗೇನಾದರೂ ಆಯಿತೇ? "ಅತ್ತೀ!" ಎಂದು ಕೂಗಿದೆ.

"ಬಚ್ಚಲದಾಗ ನೀರು ಕಾಸೀನಿ. ಬಡಬಡ ಮೈ ತೊಳಕೋರಿ" ಎಂದು ಕತ್ತಲೊಳಗಿಂದ ದನಿ ಬಂತು.

"ದೀಪ ಯಾಕ ಹಚ್ಚಿಲ್ರಿ?"

"ಕಡ್ಡಿಪೆಟಗಿ ಹಸಿ ಆಗ್ಯಾದ." ಒಳಗೆ ಸುನಂದಾ ಕಿಸಕ್ಕನೆ ನಕ್ಕಳು. ಕ್ರಾಸಿನ ಆ ಹಿರಿಯರು ಹಳ್ಳಿಯ ಕಿರಾಣಿ ಅಂಗಡಿಗೆ ಫೋನ್ ಮಾಡಿ ಸುದ್ದಿ ಮುಟ್ಟಿಸಿದ್ದು ನನಗೆ ತಿಳಿದದ್ದು ಆಮೇಲೆ.

ಮೈ ತೊಳೆದು ಕೋಣೆಯಲ್ಲಿ ಕೂತೆ. ಅತ್ತೆ ಕತ್ತಲಲ್ಲೇ ಕೂಸನ್ನು ನನ್ನ ತೊಡೆಯ ಮೇಲಿಟ್ಟರು. ಬೆಚ್ಚಗಿತ್ತು, ಕಾಲು ಒದೆಯುತ್ತಿತ್ತು. ಅತ್ತೆ ಕಡ್ಡಿ ಗೀರಿದರು. ಒಂದೇ ಸಲಕ್ಕೆ ಹೊತ್ತಿಕೊಂಡಿತು. ದೀಪದ ಬೆಳಕಿನಲ್ಲಿ ನನ್ನ ಮಗಳು ಎರಡೂ ಕಣ್ಣು ಅರಳಿಸಿ ನನ್ನನ್ನೇ ನೋಡುತ್ತಿದ್ದಳು.

ಮದುವೆಯ ದಿನ ಅತ್ತೆಯ ಕಾಲು ಮುಟ್ಟಿದ್ದು ಶಾಸ್ತ್ರಕ್ಕೆ. ಮನಸಾರೆ ಮುಟ್ಟಿದ್ದು ಆ ಸಂಜೆ.